ಎರಡು ಪೊಟ್ಟಣ, ಒಂದು ಮಹಡಿ ಕೋಣೆ

ಭೂಮಿ: ಅರ್ಧ ಅಂದ್ರೆ ಅರ್ಧವೇ ರಾಮಾಯಮ್ಮ. ಚೌಡೇಶ್ವರಿ ಅಮ್ಮನವರ ಮುಂದಿಟ್ಟರೂ ಅರ್ಧ, ಅಡುಗೆಮನೆ ಕಟ್ಟೆ ಮೇಲಿಟ್ಟರೂ ಅರ್ಧ.

ರಾಮಾಯಿ: ಅಡುಗೆಮನೇಲಿ ಅರ್ಧ ಇರ್ಲಿ ಅಮ್ಮಣಿ, ನಂಗೇನು. ಅಮ್ಮನ್ ಮುಂದೆ ಅರ್ಧ ಗಿರ್ಧ ಇಲ್ಲ. ಅಲ್ಲಿ ಪೂರ್ತಿ.

ಭೂಮಿ: ಎರಡು ಪೊಟ್ಟಣ. ಒಂದರಲ್ಲಿ ಬಿಳಿ ಹೂವು, ಒಂದರಲ್ಲಿ ಕೆಂಪು ಹೂವು. ಕಣ್ಣು ಮುಚ್ಚಿ ಒಂದನ್ನ ಎತ್ತಿದರೆ ಕೆಂಪು ಬರೋ ಸಂಭವ ಎರಡರಲ್ಲಿ ಒಂದು. ನಾಳೆ ಹತ್ತನೇ ಕ್ಲಾಸಿಗೆ ನಾನು ಹೇಳಿಕೊಡಬೇಕಾಗಿರೋದು ಇದನ್ನೇ.

ರಾಮಾಯಿ: ಕ್ಲಾಸಿನ ಮಕ್ಕಳಿಗೆ ಹೇಳು, ಬೇಡ ಅಂದವರಾರು. ನಾನು ಮದುವೆ ಆಗಿ ಈ ವೀಟಿಗೆ ಬಂದಾಗಿಂದ ಅಮ್ಮನ್ ಹತ್ರ ಹಿಂಗೇ ಹೂವಿಟ್ಟು ಪೂ ಕೇಳ್ತಾ ಇದೀನಿ. ನಾನು ನೆನೆಸಿದ್ದು ಒಂದ್ ಸಲ ಕೂಡ ತಪ್ಪಿಲ್ಲ.

ಭೂಮಿ: ಒಂದು ಸಲವೂ ಇಲ್ವಾ?

ರಾಮಾಯಿ: ಒಂದ್ ಸಲವೂ ಇಲ್ಲ.

ಭೂಮಿ: ಅದು ಹೇಗೆ ಸಾಧ್ಯ? ಅಷ್ಟು ವರ್ಷದಲ್ಲಿ ಒಮ್ಮೆಯಾದರೂ ಆ ಕಡೆ ಬೀಳಬೇಕಿತ್ತು.

ದಂಡಪಾಣಿ: ಅದ್ ಮಾತ್ರ ನಿಜ ಅಮ್ಮಣಿ. ಇವಳು ನೆನೆಸಿದ್ದೇ ಬತ್ತದೆ. ನಾನು ನೆನೆಸಿದ್ದು ಇವತ್ತಿನವರೆಗೂ ಬಂದಿಲ್ಲ.

ಇದನ್ನು ಹೇಳಿದ ದಂಡಪಾಣಿ ಮಗ್ಗದ ಗುಂಡಿಯಲ್ಲಿ ಸೊಂಟದವರೆಗೆ ಇಳಿದು ಕೂತಿದ್ದ. ಭಾನುವಾರವಾದರೂ ಮಗ್ಗ ಬಿಟ್ಟು ಏಳುವ ಪೈಕಿ ಅಲ್ಲ ಅವನು. ಹೆಂಡತಿಯ ಜೊತೆ ವಾದಕ್ಕಿಳಿಯುವ ದಿನಗಳಲ್ಲಂತೂ ಆ ಗುಂಡಿಯೇ ಅವನಿಗೆ ಕೋಟೆ. ಎರಡು ಮಾತು ಆಡುವುದು, ಲಾಳಿ ಎಸೆಯುವುದು, ಸದ್ದಿನಲ್ಲಿ ಅವಳ ಉತ್ತರ ಕೇಳಿಸದೆ ಹೋಗುವುದು.

ಇಷ್ಟಕ್ಕೂ ಜಗಳ ಹೂವಿನದಲ್ಲ, ಗಣಿತದ್ದೂ ಅಲ್ಲ. ಜಗಳ ಮಹಡಿ ಮೇಲಿನ ಕೋಣೆಯದು. ಕಿಣತ್ತುಕಡವಿನ ಆ ನೇಕಾರರ ಬೀದಿಯಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಂಥ ಮನೆಯೊಂದರ ಮಹಡಿಯಲ್ಲಿ ಗಣಿತದ ಟೀಚರ್ ಭೂಮಿ ಬಾಡಿಗೆಗಿದ್ದಳು. ಹಿರಿಯೂರಿನ ಹುಡುಗಿ. ಇಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕ ಮೇಲೆ ಮೊದಲು ಪೋತ್ತನೂರಿನ ರೈಲು ಹಳಿಯ ಪಕ್ಕದ ಹಾಸ್ಟೆಲಿನಲ್ಲಿದ್ದು, ಎರಡು ಬಸ್ಸು ಬದಲಾಯಿಸಿ, ಬೆವರಿಳಿಸಿಕೊಂಡು ಬರುತ್ತಿದ್ದಳು. ಈ ಊರಲ್ಲೇ ಕೋಣೆ ಕೇಳಿದರೆ ಎಲ್ಲರೂ "ಒಂಟಿ ಹೆಣ್ಣಾ?" ಅಂತ ಬಾಗಿಲ ಸಂದಿಯಿಂದಲೇ ಕೇಳಿ, ಆ ಸಂದಿಯನ್ನೂ ಮುಚ್ಚುತ್ತಿದ್ದರು. ಒಂದು ಸಂಜೆ ತರಕಾರಿ ಅಂಗಡಿಯ ಮುಂದೆ ಫೋನಿನಲ್ಲಿ ಅಮ್ಮನ ಹತ್ತಿರ ಅದನ್ನೇ ಹೇಳಿಕೊಂಡು ಅಳುತ್ತಿದ್ದಳು. ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದ ರಾಮಾಯಿ ಆ ಕನ್ನಡ ಕೇಳಿ, ಬದನೆಕಾಯಿ ಅಲ್ಲೇ ಬಿಟ್ಟು, ಹುಡುಗಿಯ ಕೈ ಹಿಡಿದು ಮನೆಗೆ ಕರೆತಂದಿದ್ದಳು. ಗಂಡನನ್ನು ಕೇಳಿರಲಿಲ್ಲ. ಈಗ ಆ ಕೇಳದೆ ಇದ್ದದ್ದೇ ತಿರುಗಿ ಬಂದು ನಿಂತಿತ್ತು.

ದಂಡಪಾಣಿ: ನನ್ ತಂಗಚ್ಚಿ ಮಗ ಸೆಂದಿಲ್ ಏನು ಬೀದೀಲಿ ಹೋಗೋನಾ? ತಿರುಪ್ಪೂರಲ್ಲಿ ಜಾಗ ಸಿಗ್ತಾ ಇಲ್ಲ. ನಾಲ್ಕು ಹೊಲಿಯೋ ಮಿಷಿನ್ ತಂದು ಮಹಡಿ ರೂಮಲ್ಲಿ ಇಟ್ಕೊತೀನಿ, ಬನಿಯನ್ ಹೊಲಿದು ಕಳಿಸ್ತೀನಿ ಅಂತಾನೆ. ನಾನು ತಂಗಚ್ಚಿಗೆ ಸೆರಿ ಅಂದ್ಬುಟ್ಟೆ.

ರಾಮಾಯಿ: ತಲೆ ಮೇಲೆ ಹಗಲೆಲ್ಲ ಕಟಕಟ ಅಂತ ಮಿಷಿನ್ನು. ನಿಮಗೆ ಮಗ್ಗದ ಸದ್ದಲ್ಲಿ ಕಿವಿ ಹೋಗ್ಯದೆ, ಕೇಳಿಸಲ್ಲ. ನಂಗೆ ಕೇಳಿಸ್ತದೆ.

ದಂಡಪಾಣಿ: ಕಿವಿ ಹೋಗ್ಯದೆ ಅನ್ನೋದು ಕೇಳಿಸ್ತು.

ರಾಮಾಯಿ: ಬೇಕಾದ್ದು ಕೇಳಿಸ್ತದೆ ಅಂತ ಅದಕ್ಕೇ ಹೇಳೋದು.

ಒಂದು ವಾರ ಹೀಗೇ ನಡೆದು, ಮಾತಿನಲ್ಲಿ ತೀರದ ವಿಷಯ ಆ ಮನೆಯ ಪದ್ಧತಿಯಂತೆ ಚೌಡೇಶ್ವರಿ ಅಮ್ಮನ ಹತ್ತಿರ ಹೋಯಿತು. ಪದ್ಧತಿ ಹೀಗೆ: ಬಾಳೆಲೆಯ ತುಂಡಿನಲ್ಲಿ ಬಿಳಿ ಹೂವು ಒಂದು, ಕೆಂಪು ಹೂವು ಒಂದು, ಬೇರೆ ಬೇರೆ ಮಡಿಸಿ, ಬಾಳೆನಾರು ಸುತ್ತಿ ಅಮ್ಮನ ಪಟದ ಮುಂದೆ ಇಡುವುದು. ಬೇರೆ ಮನೆಯ ಹೆಣ್ಣುಮಗುವೊಂದು ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಿಳಿ ಬಂದರೆ ಹೌದು, ಕೆಂಪು ಬಂದರೆ ಇಲ್ಲ. ಸೆಂದಿಲ್ ಬರಬಹುದಾ ಅನ್ನುವುದು ಪ್ರಶ್ನೆ. ಬಿಳಿ ಬಂದರೆ ಮಹಡಿ ಸೆಂದಿಲ್‌ನದು, ಕೆಂಪು ಬಂದರೆ ಭೂಮಿಯದು. ಉಳಿದ ಪೊಟ್ಟಣವನ್ನು ಬಿಚ್ಚದೆ ಹಾಗೇ ಬಾವಿಗೆ ಹಾಕುವುದು. ಬಿಚ್ಚಿದರೆ ಅಮ್ಮನಿಗೆ ಕೋಪ ಬರುತ್ತದೆ ಅಂತ ರಾಮಾಯಿ ಯಾವಾಗಲೂ ಹೇಳುತ್ತಿದ್ದಳು. ಪೊಟ್ಟಣ ಕಟ್ಟುವ ಹಕ್ಕೂ ಅವಳದೇ. ಅವತ್ತು ಬೆಳಿಗ್ಗೆ ಎದ್ದವಳೇ ತಲೆಗೆ ನೀರು ಹಾಕಿಕೊಂಡು, ಬಾಗಿಲು ಮುಚ್ಚಿ, ಕಟ್ಟಿ ಇಟ್ಟಾಗಿತ್ತು.

ಭೂಮಿ: ಎತ್ತೋದು ಯಾರು? ಪಕ್ಕದ ಮನೆ ವಿನೋದಿನಿ ತಾನೇ?

ರಾಮಾಯಿ: ಅವಳು ಅಜ್ಜಿ ವೀಟಿಗೆ ಉಡುಮಲೈಗೆ ಹೋಗಿದಾಳೆ. ನೀನೇ ಎತ್ತು.

ಭೂಮಿ: ನಾನಾ? ನನ್ನ ತಲೆ ಮೇಲಿನ ಸೂರು ಉಳೀಬೇಕೋ ಹೋಗಬೇಕೋ ಅಂತ ನಾನೇ ಎತ್ತೋದಾ? ಅದು ನ್ಯಾಯ ಅಲ್ಲ. ದಂಡಪಾಣಿಯವರು ಒಪ್ಪಲ್ಲ.

ದಂಡಪಾಣಿ: ಎತ್ತಲಿ. ಕಣ್ಣು ಮುಚ್ಚಿದ ಮೇಲೆ ಯಾರ ಕೈ ಆದ್ರೇನು.

ಗಂಡ ಹೆಂಡತಿ ಇಬ್ಬರೂ ಇಷ್ಟು ಬೇಗ ಒಂದು ಮಾತಿಗೆ ಬಂದದ್ದನ್ನು ಭೂಮಿ ಆ ಮನೆಯಲ್ಲಿ ಕಂಡಿರಲಿಲ್ಲ. ಆದರೆ ಅದರ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಅರ್ಧ ಅನ್ನುವ ಸಂಖ್ಯೆಯನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದಳು. ಅದರ ಕೆಳಗೆ ಮಲಗಬೇಕಾಗಿ ಬಂದದ್ದು ಇದೇ ಮೊದಲು. ಮತ್ತೆ ಆ ಹಳಿಯ ಪಕ್ಕದ ಕೋಣೆ, ಮತ್ತೆ ಆ ಎರಡು ಬಸ್ಸು.

ಸಂಕಟವಾದಾಗ ಪಾಠ ಹೇಳುವುದು ಅವಳ ಅಭ್ಯಾಸ. ನಾಳೆಯ ಪಾಠ ಬೇರೆ ತಲೆಯ ಮೇಲಿತ್ತು. ಹೋದ ವಾರ ಅದೇ ಹತ್ತನೇ ಕ್ಲಾಸಿನಲ್ಲಿ ನಾಣ್ಯ ಎಸೆದು ತೋರಿಸಲು ಹೋಗಿ ಆದ ಅವಮಾನ ಇನ್ನೂ ಆರಿರಲಿಲ್ಲ. ತಲೆ ಬೀಳುವ ಸಂಭವ ಅರ್ಧ ಅಂತ ಹೇಳಿ ಎಸೆದರೆ, ಎಸೆದಷ್ಟು ಸಲವೂ ಬಾಲವೇ ಬಿದ್ದಿತ್ತು. ಮೊದಲ ಬೆಂಚಿನ ಸರವಣಕುಮಾರ್ ಎದ್ದು ನಿಂತು, ಮಿಸ್, ಪುಸ್ತಕ ತಪ್ಪಾ ನಾಣ್ಯ ತಪ್ಪಾ ಅಂತ ತುಂಬಾ ಮರ್ಯಾದೆಯಿಂದ ಕೇಳಿದ್ದ. ಹೊರಗೆ ಹಾದುಹೋಗುತ್ತಿದ್ದ ಪ್ರಿನ್ಸಿಪಾಲ್ ತೆನ್ಮೊಳಿ ಮೇಡಂ ಅದನ್ನು ಕೇಳಿಸಿಕೊಂಡು, ಸೋಮವಾರ ತಾನೂ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ ಅಂದಿದ್ದರು.

ಭೂಮಿ: ನೋಡಿ, ಇದರಲ್ಲಿ ಎಸೆದು ನೋಡೋ ಅವಶ್ಯಕತೆಯೇ ಇಲ್ಲ. ಅದೇ ಇದರ ಚೆಂದ. ಕೂತಲ್ಲೇ ಯೋಚನೆ ಮಾಡಬೇಕು. ಒಟ್ಟು ಎಷ್ಟು ಥರ ಆಗಬಹುದು, ಅದರಲ್ಲಿ ನಮಗೆ ಬೇಕಾದ್ದು ಎಷ್ಟು. ಬೇಕಾದ್ದನ್ನ ಒಟ್ಟಿನಿಂದ ಭಾಗಿಸಿದರೆ ಮುಗೀತು.

ರಾಮಾಯಿ: ಎತ್ತೋಕೆ ಮುಂಚೇನೇ ಹೇಳ್ಬುಡ್ತೀಯಾ? ಅಂದ್ರೆ ಜೋಸ್ಯ.

ಭೂಮಿ: ಜೋಸ್ಯ ಅಲ್ಲ. ಜೋಸ್ಯದವರು ಏನು ಬರುತ್ತೆ ಅಂತ ಹೇಳ್ತಾರೆ. ನಾನು ಎಷ್ಟು ಆಸೆ ಇಟ್ಕೋಬಹುದು ಅಂತ ಮಾತ್ರ ಹೇಳ್ತೀನಿ.

ರಾಮಾಯಿ: ಜೋಸ್ಯದವನೇ ಮೇಲು. ಅವನು ಬಂದವರನ್ನ ಅರ್ಧ ಆಸೇಲಿ ಕಳಿಸಲ್ಲ.

ದಂಡಪಾಣಿ: ಇರು ಅಮ್ಮಣಿ, ನಂಗೆ ಅರ್ಥ ಆಯ್ತು. ಏನೇ ಆಗ್ಲಿ, ಒಂದು ಆಗ್ತದೆ, ಇಲ್ಲಾ ಆಗಲ್ಲ. ಎರಡೇ ದಾರಿ. ಅದಕ್ಕೇ ಅರ್ಧ. ನಾಳೆ ಸೂರ್ಯ ಹುಟ್ತಾನೆ, ಇಲ್ಲಾ ಹುಟ್ಟಲ್ಲ. ಅರ್ಧ.

ಭೂಮಿ: ಅಯ್ಯೋ, ಹಾಗಲ್ಲ. ಎರಡು ದಾರಿ ಇದ್ದರೆ ಸಾಲದು. ಎರಡಕ್ಕೂ ಸಮ ಅವಕಾಶ ಇರಬೇಕು. ಅದು ಮುಖ್ಯ. ಅದಿಲ್ಲದೆ ಇಡೀ ಪಾಠವೇ ಇಲ್ಲ.

ದಂಡಪಾಣಿ: ಪೊಳ್ಳಾಚಿ ಬಸ್ಸು ನಮ್ ಸ್ಟಾಪಲ್ಲಿ ನಿಲ್ತದೆ, ಇಲ್ಲಾ ನಿಲ್ಲಲ್ಲ?

ಭೂಮಿ: ಅದು ಅರ್ಧ ಅಲ್ಲ. ನಾನೇ ನಿಂತು ನೋಡಿದೀನಿ. ನಿಲ್ಲದೇ ಇರೋದೇ ಜಾಸ್ತಿ.

ದಂಡಪಾಣಿ: ಮದುವೇಲಿ ಗಂಡ ಹೇಳಿದ್ದು ನಡೀತದೆ, ಇಲ್ಲಾ ನಡೆಯಲ್ಲ?

ಭೂಮಿ: ಅದು ನಮ್ಮ ಸಿಲಬಸ್ಸಿನಲ್ಲಿ ಇಲ್ಲ.

ರಾಮಾಯಿ: ಸುಮ್ಕೆ ಮಾತಾಡ್ತಾ ಕೂತ್ರೆ ಹೊತ್ತು ಹೋಗ್ತದೆ. ದೀಪ ಹಚ್ಚಬೇಕು.

ದಂಡಪಾಣಿ: ನೀನು ಕೂರು, ನಿಂಗೆ ಮೊಣಕಾಲು ನೋವು. ನಾನು ಹಚ್ಚಿ ಬತ್ತೀನಿ.

ಮಗ್ಗದ ಗುಂಡಿಯಿಂದ ತಾನಾಗಿ ಎದ್ದು, ಪಂಚೆ ಕೊಡವಿಕೊಂಡು, ನೀರಿನ ಮಡಕೆಯ ಪಕ್ಕದಿಂದ ಹಾದು ದಂಡಪಾಣಿ ದೇವರ ಕೋಣೆಗೆ ಹೋದ. ಆ ಮಡಕೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಭೂಮಿ ನಿನ್ನೆ ಕೊಂಡ ಮೊಳ ಮಲ್ಲಿಗೆ ಸುತ್ತಿಟ್ಟಿದ್ದಳು. ಒಂದು ದೀಪ ಹಚ್ಚಲು ಅಷ್ಟು ಹೊತ್ತು ಬೇಕಾ ಅನ್ನಿಸುವಷ್ಟು ಹೊತ್ತು ಹಿಡಿಯಿತು. ಒಳಗಿಂದ, ಬತ್ತಿ ನೆಟ್ಟಗಿಲ್ಲ, ಎಣ್ಣೆ ಸರಿಯಿಲ್ಲ ಅಂತ ಗೊಣಗು ಕೇಳುತ್ತಿತ್ತು. ವಾಪಸ್ಸು ಬಂದವನ ಮುಖ ಮಾತ್ರ ಹೊಸ ಸೀರೆಯನ್ನು ಮಗ್ಗದಿಂದ ಬಿಚ್ಚಿದ ದಿನದ ಹಾಗಿತ್ತು.

ದಂಡಪಾಣಿ: ಅಮ್ಮಣಿ, ಸಾಮಾನು ಕಟ್ಟೋಕೆ ರಟ್ಟಿನ ಪೆಟ್ಟಿಗೆ ಬೇಕಂದ್ರೆ ಹೇಳು. ನೂಲಿನ ಅಂಗಡೀಲಿ ಸುಮಾರು ಬಿದ್ದವೆ.

ಭೂಮಿ: ಇನ್ನೂ ಎತ್ತಿಲ್ಲವಲ್ಲ.

ದಂಡಪಾಣಿ: ಎತ್ತಿದ ಮೇಲೆ ಅವಸರ ಆಗ್ತದೆ ಅಂತ. ನಾನೇ ತಂದುಕೊಡ್ತೀನಿ, ಪೋತ್ತನೂರವರೆಗೂ ಬಂದು ಇಳಿಸಿಕೊಡ್ತೀನಿ. ನಂಗೂ ನಿನ್ ಮೇಲೆ ಪ್ರೀತಿ ಇಲ್ಲ ಅಂತಲ್ಲ.

ರಾಮಾಯಿ: ಪೆಟ್ಟಿಗೆ ವೇಂಡಾಂ. ಮಹಡಿ ಮೇಲೆ ಬಟ್ಟೆ ಒಣಗ್ಸೋ ಹಗ್ಗ ಸಡಿಲ ಆಗ್ಯದೆ, ಅದನ್ನ ಬಿಗಿ ಕಟ್ಟಿಕೊಡಿ ಅವಳಿಗೆ. ಮಳೆಗಾಲ ಮುಗಿಯೋವರೆಗೂ ಬೇಕಾಗ್ತದೆ.

ಭೂಮಿ: ನಿಮ್ಮಿಬ್ಬರಿಗೂ ಅಷ್ಟು ಗ್ಯಾರಂಟಿ ಹೇಗೆ? ರಾಮಾಯಮ್ಮ, ಕೆಂಪು ಬರೋದು ನಿಮ್ಮ ಲೆಕ್ಕದಲ್ಲಿ ಎಷ್ಟು?

ರಾಮಾಯಿ: ಪೂರ್ತಿ ಒಂದು.

ಭೂಮಿ: ದಂಡಪಾಣಿಯವರೇ, ಬಿಳಿ ಬರೋದು?

ದಂಡಪಾಣಿ: ಪೂರ್ತಿ ಒಂದು.

ಭೂಮಿ: ಎಲ್ಲಾ ಸಂಭವ ಕೂಡಿಸಿದರೆ ಒಂದು ಬರಬೇಕು. ನಿಮ್ಮಿಬ್ಬರದು ಕೂಡಿಸಿದರೆ ಎರಡು ಬರ್ತಾ ಇದೆ. ಗಣಿತದಲ್ಲಿ ಇದು ಆಗೋದೇ ಇಲ್ಲ.

ರಾಮಾಯಿ: ಮದುವೆಯಾದವರ ಗಣಿತ ಬೇರೆ ಅಮ್ಮಣಿ. ಆದ ಮೇಲೆ ಗೊತ್ತಾಗ್ತದೆ. ಬಾ, ಕೈಕಾಲು ತೊಳಕೊ.

ದೇವರ ಕೋಣೆ ಅಂದರೆ ಇಬ್ಬರು ನಿಂತರೆ ಮೂರನೆಯವರು ಹೊಸಿಲ ಮೇಲೆ ನಿಲ್ಲಬೇಕಾದಷ್ಟು ಜಾಗ. ಅಮ್ಮನ ಪಟದ ಮುಂದೆ ಹಿತ್ತಾಳೆ ತಟ್ಟೆಯಲ್ಲಿ ಎರಡು ಪೊಟ್ಟಣ. ಒಂದೇ ಗಾತ್ರ, ಒಂದೇ ಎಲೆ, ಒಂದೇ ನಾರು. ನೋಡಿದರೆ ಯಾವುದೂ ತಿಳಿಯುವ ಹಾಗಿರಲಿಲ್ಲ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ ಅನ್ನಿಸಿತು ಭೂಮಿಗೆ. ಅಷ್ಟರಲ್ಲೇ ಇದು ಪಾಠವಲ್ಲ, ತನ್ನ ಕೋಣೆ ಅನ್ನುವುದೂ ನೆನಪಾಯಿತು.

ರಾಮಾಯಿ: ಕುಂಬಿಟ್ಟು, ಕಣ್ಣು ಮುಚ್ಚಿ, ಒಂದು ಎತ್ತು.

ಭೂಮಿ ಕೈ ಮುಗಿದಳು. ಬಗ್ಗಿದಳು. ದೇವರ ವಿಷಯದಲ್ಲಿ ಅವಳದು ಸಾಮಾನ್ಯವಾಗಿ ದೂರದಿಂದಲೇ ಒಂದು ನಮಸ್ಕಾರ. ಅವತ್ತು ಮಾತ್ರ ಹಣೆ ತಟ್ಟೆಗೆ ತಾಗುವಷ್ಟು ಬಗ್ಗಿ, ಈ ಕಡೆಗೊಮ್ಮೆ ಆ ಕಡೆಗೊಮ್ಮೆ ತಲೆಯಾಡಿಸಿ, ದೀರ್ಘವಾಗಿ ಉಸಿರೆಳೆದುಕೊಂಡಳು. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ ಕೈ ಚಾಚಿದಳು. ಕೈ ಅತ್ತಿತ್ತ ತಡಕಾಡಲಿಲ್ಲ. ಎಡಗಡೆಯದನ್ನು ಎತ್ತಿಬಿಟ್ಟಿತು.

ನಾರು ಬಿಚ್ಚಿದರೆ ಕೆಂಪು ಕಣಗಿಲೆ.

ರಾಮಾಯಿ ಆಶ್ಚರ್ಯವೇ ಇಲ್ಲದೆ ಕೆನ್ನೆ ಕೆನ್ನೆ ಬಡಿದುಕೊಂಡಳು. ದಂಡಪಾಣಿ ಮಾತ್ರ ಆ ಹೂವನ್ನು ಬೇರೆ ಯಾರದೋ ಮನೆಯಿಂದ ಬಂದದ್ದೇನೋ ಅನ್ನುವಂತೆ ನೋಡುತ್ತಿದ್ದ.

ದಂಡಪಾಣಿ: ಅದು ಹೆಂಗೆ ಬಂತು?

ರಾಮಾಯಿ: ಹೆಂಗೆ ಅಂದ್ರೆ? ಎರಡರಲ್ಲಿ ಒಂದು ಕೆಂಪು. ಬೆಳಿಗ್ಗೆಯಿಂದ ಅಮ್ಮಣಿ ಬಾಯಿ ಬಡ್ಕೊತಾ ಇದಾಳಲ್ಲ, ಅರ್ಧ ಅಂತ. ಆ ಅರ್ಧ ಬಂತು.

ದಂಡಪಾಣಿ: ಅರ್ಧ ಗಿರ್ಧ ಇಲ್ಲ. ಕೆಂಪು ಬರೋಕೆ ದಾರೀನೇ ಇಲ್ಲ.

ಭೂಮಿ: ಯಾಕೆ ದಾರಿ ಇಲ್ಲ?

ದಂಡಪಾಣಿ: ಯಾಕಂದ್ರೆ ಕೆಂಪು ಇದ್ದ ಪೊಟ್ಟಣನ ನಾನೇ...

ಅಲ್ಲಿಗೆ ಮಾತು ನಿಂತಿತು. ನಿಲ್ಲಬೇಕಾದದ್ದು ಇನ್ನೂ ಸ್ವಲ್ಪ ಹಿಂದೆ.

ರಾಮಾಯಿ: ನೀವೇ?

ದಂಡಪಾಣಿ: ಏನಿಲ್ಲ.

ರಾಮಾಯಿ: ಅಮ್ಮನ್ ಮುಂದೆ ನಿಂತಿದೀರಿ.

ದಂಡಪಾಣಿ: ದೀಪ ಹಚ್ಚೋಕೆ ಬಂದಾಗ ಒಂದು ಪೊಟ್ಟಣ ಬಿಚ್ಚಿ ನೋಡ್ದೆ. ಒಂದೇ ಒಂದು. ಕೆಂಪು ಇತ್ತು. ಅದನ್ನ ತೆಗೆದು ಜೇಬಿಗೆ ಹಾಕ್ಕೊಂಡು ಬಿಳಿ ಇಟ್ಟು ಕಟ್ದೆ. ಇದು ಕೆಂಪು ಅಂದ್ರೆ ಇನ್ನೊಂದು ಬಿಳಿ ತಾನೇ. ಎರಡೂ ಬಿಳಿ ಆಗಿರ್ಬೇಕಿತ್ತು.

ರಾಮಾಯಿ: ಅಮ್ಮನ್ ಪೊಟ್ಟಣ ಬಿಚ್ಚಿದ್ರಾ? ಈ ವಯಸ್ಸಲ್ಲಿ? ಇದನ್ನ ನೋಡೋಕಾ ನಾನು ಬದುಕಿರೋದು. ನಿಮ್ ಅಪ್ಪ ಕೂಡ ಹೀಗೆ ಮಾಡಿರಲಿಲ್ಲ.

ಭೂಮಿ: ಒಂದು ನಿಮಿಷ ಇರಿ ರಾಮಾಯಮ್ಮ. ಲೆಕ್ಕ ಕೂಡ್ತಾ ಇಲ್ಲ.

ರಾಮಾಯಿ: ಲೆಕ್ಕ ಆಮೇಲೆ ನೋಡು.

ಭೂಮಿ: ಇಲ್ಲ, ಈಗಲೇ. ಇವರು ಒಂದು ಪೊಟ್ಟಣದಿಂದ ಕೆಂಪು ತೆಗೆದು ಬಿಳಿ ಇಟ್ಟಿದಾರೆ. ಆದರೂ ನನ್ನ ಕೈಗೆ ಕೆಂಪು ಬಂದಿದೆ. ಅಂದರೆ ಇದು ಇವರು ಮುಟ್ಟದೇ ಇದ್ದ ಪೊಟ್ಟಣ. ಅಂದರೆ ಇವರು ಬರೋಕೆ ಮುಂಚೆ ಇದರಲ್ಲೂ ಕೆಂಪು, ಅದರಲ್ಲೂ ಕೆಂಪು.

ರಾಮಾಯಿ: ದೀಪಕ್ಕೆ ಎಣ್ಣೆ ಸಾಲದು. ತತ್ತೀನಿ ಇರು.

ದಂಡಪಾಣಿ: ಎಣ್ಣೆ ತುಂಬ ಅದೆ. ನಿಲ್ಲು.

ಇಷ್ಟು ವರ್ಷದ ಸಂಸಾರದಲ್ಲಿ ದಂಡಪಾಣಿ ಹೆಂಡತಿಗೆ ನಿಲ್ಲು ಅಂದದ್ದೂ, ಅವಳು ನಿಂತದ್ದೂ ಅಪರೂಪ. ಭೂಮಿ ಗೋಡೆಗೆ ಒತ್ತಿಕೊಂಡು ಇಬ್ಬರಿಗೂ ಜಾಗ ಮಾಡಿಕೊಟ್ಟಳು.

ದಂಡಪಾಣಿ: ಎರಡರಲ್ಲೂ ಕೆಂಪು ಇಟ್ಟಿದ್ದೆಯಾ?

ರಾಮಾಯಿ: ಅಮ್ಮನಿಗೆ ಯಾಕೆ ತೊಂದ್ರೆ ಕೊಡೋದು ಅಂತ. ಯಾವ್ದು ಸೆರಿ ಅಂತ ನಂಗೆ ಗೊತ್ತಿದ್ದ ಮೇಲೆ ಅವಳು ಯಾಕೆ ತಲೆ ಕೆಡಿಸ್ಕೊಬೇಕು.

ದಂಡಪಾಣಿ: ಎರಡನೇ ಪೊಟ್ಟಣ ಬಿಚ್ಚಬಾರದು, ಬಾವಿಗೆ ಹಾಕ್ಬೇಕು ಅನ್ನೋದು?

ರಾಮಾಯಿ: ಅದು ಸಾಸ್ತ್ರ.

ದಂಡಪಾಣಿ: ಯಾರ್ ಮಾಡಿದ ಸಾಸ್ತ್ರ?

ರಾಮಾಯಿ: ನಿಮ್ಮವ್ವ ಹೇಳಿಕೊಟ್ಟದ್ದು. ಅವರೂ ಹಂಗೇ ಕಟ್ತಾ ಇದ್ರು.

ದಂಡಪಾಣಿ ಹೊಸಿಲ ಮೇಲೆ ಕೂತುಬಿಟ್ಟ. ಅವನ ಬಾಳಿನ ಒಂದೊಂದೇ ಪೊಟ್ಟಣ ಈಗ ಅವನ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತಿತ್ತು.

ದಂಡಪಾಣಿ: ಪವರ್‌ಲೂಮ್ ಹಾಕ್ತೀನಿ ಅಂತ ಕೇಳಿದಾಗ?

ರಾಮಾಯಿ: ಎರಡೂ ಕೆಂಪು.

ದಂಡಪಾಣಿ: ಪಳನಿಗೆ ನಡಕೊಂಡು ಹೋಗ್ತೀನಿ ಅಂದಾಗ?

ರಾಮಾಯಿ: ಕೆಂಪು. ನಿಮಗೆ ಸಕ್ಕರೆ ಕಾಯಿಲೆ. ಕಾಲಲ್ಲಿ ಗುಳ್ಳೆ ಎದ್ದಿದ್ರೆ ಯಾರ್ ನೋಡ್ತಿದ್ರು?

ದಂಡಪಾಣಿ: ದೊಡ್ಡ ಟಿ.ವಿ. ತಗೊಳೋಣಾ ಅಂತ ನೀನು ಕೇಳಿದಾಗ?

ರಾಮಾಯಿ: ಅದು ಎರಡೂ ಬಿಳಿ.

ಭೂಮಿಗೆ ನಗು ತಡೆಯಲಾಗಲಿಲ್ಲ. ಅಷ್ಟೇ ಅಲ್ಲ, ತಲೆಯಲ್ಲಿ ದೀಪ ಹತ್ತಿದ ಹಾಗೆ ಒಂದು ಹೊಳೆದು, ನಾಳೆಯ ಪಾಠ ಪೂರ್ತಿ ಕಣ್ಣಿಗೆ ಕಂಡಿತು.

ಭೂಮಿ: ಇದರಲ್ಲಿ ಏನು ಆಗಿದೆ ಅಂತ ನಿಮಗೆ ಗೊತ್ತಾಯ್ತಾ? ರಾಮಾಯಮ್ಮ ಮೋಸ ಮಾಡಿ ಎರಡೂ ಕೆಂಪು ಇಟ್ಟರು. ನೀವು ಮೋಸ ಮಾಡಿ ಒಂದನ್ನ ಬಿಳಿ ಮಾಡಿದಿರಿ. ಇಬ್ಬರ ಮೋಸವೂ ಸೇರಿ ಕೊನೆಗೆ ತಟ್ಟೇಲಿ ಏನಿತ್ತು? ಒಂದು ಬಿಳಿ, ಒಂದು ಕೆಂಪು. ಸರಿಯಾಗಿ ಅರ್ಧ. ಈ ಮನೇಲಿ ಅಮ್ಮನವರಿಗೆ ನಿಜವಾಗಿ ಮಾತಾಡೋ ಅವಕಾಶ ಸಿಕ್ಕಿದ್ದು ಇವತ್ತೇ.

ದಂಡಪಾಣಿ: ಅಂದ್ರೆ ಇದು ಅಮ್ಮನ್ ನಿಜವಾದ ಮಾತು?

ಭೂಮಿ: ನಿಜವಾದದ್ದೇ.

ರಾಮಾಯಿ: ನೋಡಿ. ಕೇಳಿದ್ರೂ ಅಮ್ಮ ನಾನು ಹೇಳಿದ್ದೇ ಹೇಳ್ತಾಳೆ. ಅದಕ್ಕೇ ಇಷ್ಟು ದಿನ ಕೇಳಲಿಲ್ಲ.

ಗೆದ್ದ ಸಂತೋಷದಲ್ಲಿ ರಾಮಾಯಿ, ಇನ್ನು ಶಾಸ್ತ್ರದ ಹಂಗಿಲ್ಲವಲ್ಲ ಅಂತ, ಬಲಗಡೆಯ ಪೊಟ್ಟಣವನ್ನೂ ಬಿಚ್ಚಿದಳು. ಬಿಚ್ಚಿದ್ದೇ ಆ ಸಣ್ಣ ಕೋಣೆಯೆಲ್ಲ ಘಮ್ಮೆಂದಿತು.

ರಾಮಾಯಿ: ಮಲ್ಲಿ. ಬಿಳಿಗೆ ನಂದಿಬಟ್ಟಲು ಇಡೋದು. ವಾಸನೆ ಇರಬಾರದು ಅಂತ. ಮಲ್ಲಿ ಯಾಕಿಟ್ರಿ?

ದಂಡಪಾಣಿ: ನಂದಿಬಟ್ಟಲು ಹುಡುಕ್ದೆ, ಎಲ್ಲೂ ಇರಲಿಲ್ಲ.

ರಾಮಾಯಿ: ನಾನು ತಂದೇ ಇರಲಿಲ್ಲ, ಎಲ್ಲಿ ಇರ್ತದೆ.

ದಂಡಪಾಣಿ: ಮಡಕೆ ಮೇಲೆ ಅಮ್ಮಣಿ ಮಲ್ಲಿ ಇತ್ತು. ನಾಲ್ಕು ಮೊಗ್ಗು ಕಿತ್ತು ಇಟ್ಟೆ.

ರಾಮಾಯಿ ಮಲ್ಲಿಗೆಯನ್ನು ಮೂಗಿನ ಹತ್ತಿರ ಹಿಡಿದಳು. ಕೈ ದೂರ ಮಾಡಿದಳು. ಇನ್ನೂ ದೂರ ಮಾಡಿದಳು. ಆಮೇಲೆ ನಿಧಾನವಾಗಿ ತಿರುಗಿ, ಗೋಡೆಗೆ ಒತ್ತಿಕೊಂಡಿದ್ದ ಗಣಿತದ ಟೀಚರನ್ನು ನೋಡಿದಳು.

ರಾಮಾಯಿ: ಅಮ್ಮಣಿ.

ಭೂಮಿ: ಏನು?

ರಾಮಾಯಿ: ಕುಂಬಿಡೋವಾಗ ತುಂಬ ಹೊತ್ತು ಬಗ್ಗಿದ್ದೆ ನೀನು.

ಭೂಮಿ: ಭಕ್ತಿ.

ರಾಮಾಯಿ: ಈ ಕಡೆ ಒಂದ್ ಸಲ, ಆ ಕಡೆ ಒಂದ್ ಸಲ?

ಭೂಮಿ: ತುಂಬಾ ಭಕ್ತಿ.

ದಂಡಪಾಣಿ: ಆಮೇಲೆ ಕೈ ತಡಕಾಡಲೇ ಇಲ್ಲ. ನೇರ ಹೋಯ್ತು. ನಾನು ನೋಡ್ದೆ.

ಭೂಮಿಯ ಕಿವಿಗಳು ಕಾದು ಹೋದವು. ಬೆಳಿಗ್ಗೆಯಿಂದ ಸಮ ಅವಕಾಶ, ಸಮ ಅವಕಾಶ ಅಂತ ಇಬ್ಬರು ಹಿರಿಯರಿಗೆ ಪಾಠ ಹೇಳಿದವಳು ಅವಳೇ. ನಿಜ ಹೇಳಬೇಕೆಂದರೆ ವಾಸನೆ ಬಡಿದಾಗ ಅವಳು ಯೋಚನೆಯನ್ನೇ ಮಾಡಿರಲಿಲ್ಲ. ಪೋತ್ತನೂರಿನ ಹಾಸ್ಟೆಲ್ ಒಂದು ಕ್ಷಣ ಕಣ್ಣ ಮುಂದೆ ಬಂದಿತ್ತು, ಕೈ ತಾನೇ ಎಡಕ್ಕೆ ಹೋಗಿತ್ತು.

ಭೂಮಿ: ಕಣ್ಣು ಮುಚ್ಚು ಅಂದ್ರಿ, ಮುಚ್ಚಿದೆ. ಮೂಗಿನ ವಿಷಯ ಯಾರೂ ಹೇಳಲಿಲ್ಲ.

ದಂಡಪಾಣಿ: ಹಂಗಾದ್ರೆ ಆ ಅರ್ಧ?

ಭೂಮಿ: ಅರ್ಧ ಇರಲಿಲ್ಲ. ಒಂದು ಪೊಟ್ಟಣ ಘಮಘಮ ಅಂತಿದ್ರೆ ಎರಡೂ ಸಮ ಹೇಗಾಗುತ್ತೆ. ನನ್ನದು ತಪ್ಪು ದಂಡಪಾಣಿಯವರೇ. ಇನ್ನೊಂದು ಸಲ ಕೇಳೋಣ. ಈ ಸಲ ಸರಿಯಾಗಿ. ಏನು ಬಂದರೂ ನಾನು ಒಪ್ಕೋತೀನಿ.

ದಂಡಪಾಣಿ: ಕಟ್ಟೋದು ಯಾರು?

ಭೂಮಿ: ರಾಮಾಯಮ್ಮ ಬೇಡ.

ರಾಮಾಯಿ: ಇವರೂ ಬೇಡ.

ದಂಡಪಾಣಿ: ನೀನಂತೂ ಬೇಡವೇ ಬೇಡ.

ಅಷ್ಟರಲ್ಲಿ ದಂಡಪಾಣಿಯ ಅಂಗಿ ಜೇಬಿನಲ್ಲಿ ಫೋನು ಬಡಿಯಿತು. ಫೋನು ತೆಗೆದಾಗ ಅದರ ಜೊತೆ ಒಂದು ಕೆಂಪು ಕಣಗಿಲೆಯೂ ಬಂದು ನೆಲಕ್ಕೆ ಬಿತ್ತು. ಪರದೆಯ ಮೇಲೆ ತಂಗಿ ತಮಿಳ್‌ಸೆಲ್ವಿಯ ಹೆಸರು.

ರಾಮಾಯಿ: ಎತ್ತಿ. ಏನ್ ಬಂತು ಅಂತ ಹೇಳಿ.

ದಂಡಪಾಣಿ: ಏನಂತ ಹೇಳ್ಲಿ? ಎಲ್ಲಾ ತಪ್ಪಾ ಆಗೋಯ್ತು, ಇದು ಲೆಕ್ಕಕ್ಕಿಲ್ಲ ಅಂತ ಹೇಳ್ತೀನಿ.

ರಾಮಾಯಿ: ಹೇಳಿ. ಯಾಕೆ ತಪ್ಪಾಯ್ತು ಅಂತ ಕೇಳ್ತಾಳೆ. ಅಮ್ಮನ್ ಪೊಟ್ಟಣಕ್ಕೆ ಕೈ ಹಾಕಿದ ಕತೆ ನೀವೇ ಹೇಳ್ತೀರೋ, ಇಲ್ಲಾ ಫೋನ್ ನನ್ ಕೈಗೆ ಕೊಡ್ತೀರೋ?

ಫೋನು ಇನ್ನೂ ಬಡಿಯುತ್ತಿತ್ತು. ದಂಡಪಾಣಿ ನೆಲದ ಮೇಲಿನ ಕಣಗಿಲೆ ನೋಡಿದ, ಅಮ್ಮನ ಪಟ ನೋಡಿದ, ಹೆಂಡತಿಯನ್ನು ನೋಡಿದ. ಇದರಲ್ಲಿ ಎಷ್ಟು ದಾರಿಯಿದೆ ಅಂತ ಅವನೂ ಒಂದು ಲೆಕ್ಕ ಹಾಕಿರಬೇಕು. ಒಂದೇ ದಾರಿ ಇತ್ತು.

ದಂಡಪಾಣಿ: ಹಲೋ, ತಂಗಚ್ಚಿ. ಆಮಾ, ಪೂ ಕೇಳಿದ್ವು. ಕೆಂಪು ಬಂತು. ಏನ್ ಮಾಡೋದು, ಅಮ್ಮನ್ ಮಾತು. ಸೆಂದಿಲ್‌ಗೆ ಬೇರೆ ಕಡೆ ನೋಡು ಅಂತ ಹೇಳು. ನಾನೂ ವಿಚಾರಿಸ್ತೀನಿ.

ಫೋನು ಜೇಬಿಗೆ ಹಾಕಿ, ಕಣಗಿಲೆಯನ್ನು ಎತ್ತಿ ಪಟದ ಮೇಲಿಟ್ಟು, ಕೆನ್ನೆ ಬಡಿದುಕೊಂಡ.

ದಂಡಪಾಣಿ: ಆ ಮಿಷಿನ್ ಸದ್ದು ನಂಗೂ ಬೇಕಾಗಿರಲಿಲ್ಲ ಅನ್ನು. ತಂಗಚ್ಚಿ ಅತ್ತಳು ಅಂತ ಸೆರಿ ಅಂದ್ಬುಟ್ಟಿದ್ದೆ.

ರಾಮಾಯಿ: ಅದನ್ನ ಒಂದು ವಾರ ಮುಂಚೆ ಹೇಳಿದ್ರೆ ಮೂರು ಜನ ಕಳ್ಳರು ಆಗ್ತಾ ಇರಲಿಲ್ಲ.

ದಂಡಪಾಣಿ ಗುಂಡಿಗೆ ಇಳಿದ. ಲಾಳಿ ಅತ್ತಿಂದಿತ್ತ ಓಡತೊಡಗಿತು. ಭೂಮಿ ಹಜಾರದಲ್ಲಿ ಕೂತು, ಸಮಾಧಾನಕ್ಕೋ ನಾಚಿಕೆಗೋ ಗೊತ್ತಾಗದೆ ಒದ್ದೆಯಾದ ಕಣ್ಣು ಒರೆಸಿಕೊಂಡಳು.

ಭೂಮಿ: ಒಂದಂತೂ ಆಯ್ತು. ನಾಳೆ ನಾಣ್ಯ ಬೇಡ. ಎರಡು ಪೊಟ್ಟಣ ತಗೊಂಡು ಹೋಗ್ತೀನಿ. ಸಮ ಅವಕಾಶ ಅಂದ್ರೇನು, ಅದು ಎಲ್ಲೆಲ್ಲಿ ಕೆಡುತ್ತೆ, ಎಲ್ಲಾ ಹೇಳ್ತೀನಿ. ಸರವಣಕುಮಾರ್‌ಗೆ ಅರ್ಥ ಆಗದೆ ಎಲ್ಲಿ ಹೋಗುತ್ತೆ ನೋಡೋಣ.

ರಾಮಾಯಿ: ನಿಮ್ ದೊಡ್ಡ ಮೇಡಂ ಹಿಂದೆ ಕೂತಿರ್ತಾಳೆ ಅಂದ್ಯಲ್ಲ?

ಭೂಮಿ: ಹೂಂ. ಅದೇ ಭಯ. ನಾನು ಅರ್ಧ ಅಂತ ಹೇಳಿ, ಎತ್ತಿದ್ದೆಲ್ಲ ಮತ್ತೆ ಒಂದೇ ಕಡೆ ಬಂದರೆ ಅಂತ.

ರಾಮಾಯಿ ಒಳಗೆ ಹೋಗಿ ಬಾಳೆಲೆ, ನಾರು, ಹೂವಿನ ಬುಟ್ಟಿ ತಂದು ಭೂಮಿಯ ಪಕ್ಕದಲ್ಲೇ ಕಾಲು ಚಾಚಿ ಕೂತಳು. ಮಗ್ಗದ ಸದ್ದು ಜೋರಾಗಿದೆ ಅನ್ನುವುದನ್ನು ಖಾತ್ರಿ ಮಾಡಿಕೊಂಡು, ಹುಡುಗಿಯ ಕಿವಿಯ ಹತ್ತಿರ ಬಗ್ಗಿದಳು.

ರಾಮಾಯಿ: ಪೊಟ್ಟಣ ನಾನೇ ಕಟ್ಟಿಕೊಡ್ತೀನಿ. ಮೇಡಂ ಮುಂದೆ ಯಾವ ಬಣ್ಣ ಬರ್ಬೇಕು, ಅದನ್ನ ಮಾತ್ರ ಹೇಳು.